ಕನ್ನಡ ಫಾಂಟನ್ನ ಸಾಫ್ಟ್‌ವೇರ್ ಒಳಗೇ ಹಾಕ್ಸಿ ಸಾರ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ,

ಆಡಳಿತ ಭಾಷೆ ಕನ್ನಡ ಅಂತ 1963ರಲ್ಲೇ ಕಾಯ್ದೆ ಆಗಿದೆ, ಅದನ್ನ ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಕೇಳ್ತಿರೋದು ಒಂದೇ. ಸರ್ಕಾರಿ ಆಫೀಸಲ್ಲಿ ಓಡೋ ಪ್ರತಿ ಸಾಫ್ಟ್‌ವೇರ್ ಒಳಗೇ ಕನ್ನಡದ ಯೂನಿಕೋಡ್ (ಎಲ್ಲಾ ಕಂಪ್ಯೂಟರಲ್ಲೂ ಒಂದೇ ಆಗಿರೋ ಅಕ್ಷರ ಸಂಕೇತ) ಫಾಂಟ್ ಇರ್ಬೇಕು, ಅದು ಕೊಡೋ ಪಿಡಿಎಫ್ ಒಳಗೂ ಇರ್ಬೇಕು.

ನಮ್ಮಮ್ಮನ ಪಿಂಚಣಿಗೆ ಒಂದು ದೃಢೀಕರಣ ಪತ್ರ ಬೇಕಿತ್ತು. ಆ ಆಫೀಸಿನ ಕಂಪ್ಯೂಟರ್ ಕೆಟ್ಟು ಫಾರ್ಮ್ಯಾಟ್ ಮಾಡಿದ್ರಂತೆ, ಕನ್ನಡ ಟೈಪ್ ಮಾಡೋ 'ನುಡಿ' ಸಾಫ್ಟ್‌ವೇರನ್ನ, ಅದರ ಫಾಂಟನ್ನ ಮತ್ತೆ ಹಾಕಿರ್ಲಿಲ್ಲ. ಪ್ರಿಂಟ್ ಬಂತು, ಮೇಲೆ ಲಾಂಛನ, ಕೆಳಗೆ ಸೀಲು ಸಹಿ ಎಲ್ಲಾ ಇದೆ, ಅಮ್ಮನ ಹೆಸರಿರೋ ಜಾಗದಲ್ಲಿ ಮಾತ್ರ ತಲೆ ಮೇಲೆ ಗೀಟು ಚುಕ್ಕಿ ಹೊತ್ಕೊಂಡಿರೋ ಇಂಗ್ಲಿಷ್ ಅಕ್ಷರಗಳು. "ಫಾಂಟ್ ಪ್ರಾಬ್ಲಂ ಅಕ್ಕಾ, ಪೆನ್ನಲ್ಲಿ ಬರ್ಕೊಳಿ, ನಡಿಯತ್ತೆ" ಅಂದ್ರು ಆಪರೇಟರ್. ಎಲ್ಲಿ ನಡಿಯತ್ತೆ? ಪಕ್ಕದ ಟೇಬಲ್ಲಲ್ಲೇ, ತಿದ್ದಿರೋ ಕಾಗದ ತಗೊಳಲ್ಲ ಅಂತ ವಾಪಸ್ ಕೊಟ್ರು. ಮಂಡಿ ನೋವಿಟ್ಕೊಂಡು ಮೆಟ್ಟಿಲು ಹತ್ತಿ ಬಂದಿದ್ದ ಅಮ್ಮ, ನನ್ನ ಹೆಸರಲ್ಲೇ ಏನೋ ದೋಷ ಇದ್ಯೇನೋ, ದುಡ್ಡು ನಿಂತೋಗತ್ತೇನೋ ಅಂತ ಅಲ್ಲೇ ಬೆಂಚಲ್ಲಿ ಕೂತು ಅತ್ತುಬಿಟ್ರು. ಇದಕ್ಕೆ ಯಾರು ಜವಾಬ್ದಾರಿ ಸಾರ್?

ಇದೇನು ಬಗೆಹರಿಯದ ಸಮಸ್ಯೆ ಅಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲೇ ತುಂಗಾ ಅನ್ನೋ ಕನ್ನಡ ಯೂನಿಕೋಡ್ ಫಾಂಟ್ ಬಂತು. ನೋಟೋ ಸಾನ್ಸ್ ಕನ್ನಡ ಅನ್ನೋ ಇನ್ನೊಂದು ಫಾಂಟ್ ಪುಕ್ಕಟೆ ಸಿಗತ್ತೆ, ಸಾಫ್ಟ್‌ವೇರ್ ಒಳಗೆ ಸೇರಿಸ್ಕೊಳಕ್ಕೆ ಅದರ ಲೈಸೆನ್ಸೇ ಅನುಮತಿ ಕೊಡತ್ತೆ, ಸೈಜು ಒಂದು ಎಂಬಿನೂ ಆಗಲ್ಲ. ಬಹುಕಾಲ ಕಾಪಾಡೋ ದಾಖಲೆಗಳಿಗೆ ಅಂತ 2005ರಲ್ಲಿ ಬಂದ ಪಿಡಿಎಫ್/ಎ ಸ್ಟ್ಯಾಂಡರ್ಡಲ್ಲಂತೂ ಫಾಂಟ್ ಒಳಗಿರೋದು ಕಡ್ಡಾಯ. ನಮ್ಮ ಪಹಣಿ, ಜಾತಿ ಪ್ರಮಾಣಪತ್ರಗಳೂ ಬಹುಕಾಲ ಇರಬೇಕಾದ ದಾಖಲೆಗಳೇ ಅಲ್ವಾ? ಹಳೇ ನುಡಿ ಫಾಂಟನ್ನೇ ಪಿಡಿಎಫ್‌ಗೆ ತುಂಬಿ ಕೈ ತೊಳ್ಕೊಂಡ್ರೂ ಆಗಲ್ಲ, ಅದು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಹಾಕಿರೋದು, ಕಣ್ಣಿಗೆ ಕನ್ನಡ ಕಂಡ್ರೂ ಹುಡುಕಿದ್ರೆ ಹೆಸರು ಸಿಗಲ್ಲ, ಕಾಪಿ ಮಾಡಿದ್ರೆ ಮತ್ತದೇ ಗೀಟು ಚುಕ್ಕಿ, ಅದಕ್ಕೇ ಯೂನಿಕೋಡ್ ಅಂತ ಬಾಯಿ ಬಡ್ಕೊಳ್ತಿರೋದು. ಒತ್ತಕ್ಷರ ಕೂಡಿಸಕ್ಕೂ ಆ ಸಾಫ್ಟ್‌ವೇರ್‌ಗೆ ಬರಬೇಕು, ಇಲ್ಲಾಂದ್ರೆ 'ಅಕ್ಕ' ಹೋಗಿ 'ಅಕ್‌ಕ' ಆಗತ್ತೆ.

ಕಂಪ್ಯೂಟರಲ್ಲಿ ಫಾಂಟ್ ಇದ್ಯಾ ಇಲ್ವಾ ನೋಡ್ಕೊಳೋದು ಜನರ ಕೆಲಸ ಅಲ್ಲ, ಆಪರೇಟರ್ ಕೆಲಸಾನೂ ಅಲ್ಲ. ಟೆಂಡರಲ್ಲೇ ಬರೆಸಿ: ಕನ್ನಡ ಫಾಂಟ್ ಒಳಗಿಲ್ದೇ ಇರೋ ಸಾಫ್ಟ್‌ವೇರ್‌ಗೆ ಬಿಲ್ ಪಾಸ್ ಆಗಲ್ಲ ಅಂತ. ಬರೋ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಿ, ಉತ್ತರ ಏನು ಬಂತು ಅಂತ ನಮಗೂ ತಿಳಿಸಿ. ಫಾಂಟ್ ಒಳಗೇ ಇರ್ಬೇಕು ಸಾರ್, ಅಷ್ಟೇ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು