ಲೇಬಲ್ ಕಿತ್ತ ಪ್ಯಾಕೆಟ್ ಮತ್ತು ನಿಮ್ಮ ಸೂಪರ್‌ವೈಸರ್ ಬಗ್ಗೆ ದೂರು

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಮೇಲಿನವರಿಗೆ ಹೇಳ್ತೀವಿ" ಅಂದಿರಿ. ಮೇಲಿನವರು ಎಷ್ಟು ಮೇಲಿದ್ದಾರೋ ಗೊತ್ತಿಲ್ಲ, ಅದಕ್ಕೇ ಈ ಕಾಗದ.

ಅರಕಲಗೂಡು ತಾಲ್ಲೂಕಿನಲ್ಲಿ ನನ್ನ ಕೋಳಿ ಶೆಡ್ ಇದೆ. ಮರಿ, ಫೀಡು, ಔಷಧಿ ನಿಮ್ಮ ಕೋಳಿ ಕಂಪನಿಯದು. ಕರೆಂಟ್ ಬಿಲ್ಲು, ನಿದ್ದೆಗೇಡು ನನ್ನದು. ಹೋದ ಬ್ಯಾಚಿನ 34ನೇ ದಿನ ನಿಮ್ಮ ಸೂಪರ್‌ವೈಸರ್ ಬಂದು, ಲೇಬಲ್ ಕಿತ್ತ ಎರಡು ಪ್ಯಾಕೆಟ್ ಪುಡಿ ಕೊಟ್ಟು, ನೀರಿನ ಟ್ಯಾಂಕಿಗೆ ಹಾಕಿ ಅಂದರು. ಒಂದು ಕೋಳಿಯೂ ತೂಕಡಿಸುತ್ತಿರಲಿಲ್ಲ. ಇದೇನು ಅಂತ ಕೇಳಿದೆ. ಅಷ್ಟೇ ಕೇಳಿದ್ದು.

ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಡಲಿಲ್ಲ. "ಯಾಕ್ ಗೌಡ್ರೇ, ಡಾಕ್ಟ್ರಾಗ್ಬಿಟ್ರಾ?" ಅಂದರು. ಫೀಡ್ ಮೂಟೆ ಇಳಿಸುತ್ತಿದ್ದ ಹುಡುಗರು ನಕ್ಕರು. ಆಂಟಿಬಯೋಟಿಕ್ಕಾ ಅಂದೆ. "ತೂಕ ಬರ್ತದೆ, ದುಡ್ಡು ಬರ್ತದೆ, ಹೆಸರು ಕಟ್ಕೊಂಡು ಏನ್ಮಾಡ್ತೀರಿ?" ಅಂದು, ಇನ್ನೊಂದು ಗುಟುಕು ಕುಡಿದು, ನನ್ನ ಮಗಳ ಕಡೆ ತಿರುಗಿ "ಅಪ್ಪಂಗೆ ಸ್ವಲ್ಪ ಬುದ್ಧಿ ಹೇಳವ್ವ" ಅಂದರು. ಅವಳು ಎಂಟನೇ ಕ್ಲಾಸು. ಹೋಗುವಾಗ ಕಾಫಿಗೆ ಸಕ್ಕರೆ ಕಮ್ಮಿ ಅಂತಲೂ ಹೇಳಿದರು.

ಪುಡಿ ಹಾಕಲಿಲ್ಲ ನಾನು. ಆದರೂ ಈಗ ಬಂದ ಲೆಕ್ಕದ ಚೀಟಿಯಲ್ಲಿ ಔಷಧಿ ಅಂತ 1,860 ರೂಪಾಯಿ ಹಿಡಿದಿದ್ದೀರಿ. ಪ್ಯಾಕೆಟ್ಟಿಗೆ ಹೆಸರಿಲ್ಲ, ಬೆಲೆ ಮಾತ್ರ ಇದೆ.

ನಿಯಮ ನಿಮಗೆ ನನಗಿಂತ ಜಾಸ್ತಿ ಗೊತ್ತು. ತಿನ್ನೋಕೆ ಸಾಕುವ ಪ್ರಾಣಿಯ ಔಷಧಿ ಮೇಲೆ, ಕೊಟ್ಟು ಎಷ್ಟು ದಿನ ಬಿಟ್ಟು ಮಾರಬೇಕು ಅಂತ ಬರೆದಿರಬೇಕು. ಅದು ಗೊತ್ತಿಲ್ಲದಿದ್ದರೆ ಕೋಳಿ ಮಾಂಸಕ್ಕೆ ಕನಿಷ್ಠ 28 ದಿನ. ನೀವು ಲಾರಿ ಕಳಿಸಿದ್ದು 39ನೇ ದಿನ. 34ಕ್ಕೆ 28 ಕೂಡಿಸಿ ನೋಡಿ. 62 ದಿನದ ಬಾಯ್ಲರ್ ಕೋಳಿ ನಿಮ್ಮ ಯಾವ ಶೆಡ್ಡಿನಲ್ಲಿದೆ ಹೇಳಿ, ಬಂದು ನೋಡಿ ಕೈ ಮುಗಿದು ಹೋಗ್ತೀನಿ.

ಕಾಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ಕನ್ನು ಕೋಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧ ಮಾಡಿದೆ. ಬೇರೆ ಯಾವುದಕ್ಕೂ ಬಗ್ಗದ ಸೋಂಕಿಗೆ ಐಸಿಯುನಲ್ಲಿ ಕೊನೆಗೆ ಕೊಡೋದು ಅದನ್ನೇ. ಈ ಪುಡಿ ಅದಲ್ಲ ಅಂತ ಬರೆದು ಕೊಡಿ. ಕಾಯಿಲೆ ಇಲ್ಲದ ಕೋಳಿಗೆ ಸುಮ್ನೆ ಆಂಟಿಬಯೋಟಿಕ್ ಕುಡಿಸಿದರೆ ಸಾಯದೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೇ ಜಗ್ಗದ ಹಾಗಾಗುತ್ತದೆ, ಶೆಡ್ಡಿನ ಗೊಬ್ಬರದ ಜೊತೆ ನನ್ನ ಶುಂಠಿ ಹೊಲಕ್ಕೂ ಬರುತ್ತದೆ. ಕಾಲಿಗೆ ಗಾಯವಾದರೆ ಆಸ್ಪತ್ರೆಗೆ ಹೋಗೋನು ನಾನು, ನಿಮ್ಮ ಸೂಪರ್‌ವೈಸರ್ ಅಲ್ಲ.

ಎರಡೂ ಪ್ಯಾಕೆಟ್ ಬಿಸ್ಕತ್ ಡಬ್ಬಿಯಲ್ಲಿ ಹಾಗೇ ಇವೆ. 15 ದಿನ ನೋಡ್ತೀನಿ. ಆಮೇಲೆ ಒಂದು ಪಶುಪಾಲನಾ ಇಲಾಖೆಗೆ, ಇನ್ನೊಂದು ಔಷಧ ನಿಯಂತ್ರಣದವರಿಗೆ. ಮುಂದಿನ ಬ್ಯಾಚಿನ ಮರಿ ಲಾರಿ ಗೇಟಿನಾಚೆಯೇ ನಿಲ್ಲಲಿ. ಸೂಪರ್‌ವೈಸರೂ ಅಲ್ಲೇ ನಿಲ್ಲಲಿ, ಕಾಫಿ ಇಲ್ಲ.

ಇಂತಿ,
ನಿಮ್ಮ ಹಳೇ ಶೆಡ್ ಮಾಲೀಕ