ಕಾಯಿಸಿದವರಿಗೊಂದು ನಮಸ್ಕಾರ

ಮಾನ್ಯ ಸಂಪಾದಕರೇ,

ಅವ್ವನ ಬಾಯಿ ಕ್ಯಾನ್ಸರ್‌ಗೆ ವಾರಕ್ಕೆ 5 ದಿನದಂತೆ 30 ಸಲ ಕರೆಂಟ್ ಕೊಡಿಸಲು ಸುರಪುರದಿಂದ ಕಲಬುರಗಿಗೆ ಬಂದಿದ್ದೆವು. ನಮ್ಮ ಕಡೆ ರೇಡಿಯೇಷನ್‌ಗೆ ಹಾಗೇ ಅನ್ನುವುದು. ಒಂದಿನ ಬೆಳಿಗ್ಗೆ 8ಕ್ಕೇ ಹೋದರೂ 10ರ ತನಕ ಒಳಗೆ ಬಿಡಲಿಲ್ಲ. ನಾನು ರೇಗಿದೆ. ಆಗ ಹೊರಗೆ ಬಂದವರು ಡಾಕ್ಟರ್ ಅಲ್ಲ, ಮೆಡಿಕಲ್ ಫಿಸಿಸಿಸ್ಟ್. ಮೆಷಿನ್ ಎಷ್ಟು ಕಿರಣ ಬಿಡುತ್ತದೆ ಅಂತ ದಿನಾ ಬೆಳಿಗ್ಗೆ ಅಳೆಯುತ್ತಾರಂತೆ. ಅವತ್ತು 3 ಪರ್ಸೆಂಟ್ ಮೀರಿ ವ್ಯತ್ಯಾಸ ಬಂದಿತ್ತು. 'ಸರಿಯಾಗದೆ ನಿಮ್ಮ ತಾಯಿಯವರನ್ನು ಮಲಗಿಸಲ್ಲ' ಎಂದರು. ಸುಮ್ನೆ ಕೂತೆ.

ಎಷ್ಟು ಡೋಸ್ ಬೇಕೆಂದು ಬರೆಯುವುದು ಡಾಕ್ಟರ್. ಅದು ಗಡ್ಡೆಗೇ ಬೀಳಬೇಕು, ಬೆನ್ನುಹುರಿಗೆ ಜಾಸ್ತಿ ತಾಗಬಾರದು. ಆ ಲೆಕ್ಕ ಈ ಫಿಸಿಸಿಸ್ಟ್ ಅವರದು. ಇವರಿಲ್ಲದೆ ರೇಡಿಯೇಷನ್ ಘಟಕ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಒಪ್ಪುವುದಿಲ್ಲ. ಆದರೂ ಅಲ್ಲಿನ ಬೋರ್ಡಿನಲ್ಲಿ ಡಾಕ್ಟರ್‌ಗಳ ಹೆಸರು ಮಾತ್ರ!

ಹೊಸ ಮೆಷಿನ್ ಕೊಡಿ ಅಂತ ಕೇಳುವ ನಮ್ಮ ಶಾಸಕರು ಈ ಹುದ್ದೆಯನ್ನೂ ಜೊತೆಗೇ ಕೇಳಲಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ ಓದುವ ಮಕ್ಕಳಿಗೆ, ಮುಂದೆ ರೇಡಿಯಾಲಾಜಿಕಲ್ ಫಿಸಿಕ್ಸ್ ಕಲಿತರೆ ಇಂಥ ಕೆಲಸ ಇದೆ ಅಂತ ಯಾರಾದರೂ ಹೇಳಿದ್ದಾರಾ?

– ಒಬ್ಬ ಓದುಗ, ಸುರಪುರ, ಯಾದಗಿರಿ ಜಿಲ್ಲೆ