‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹಕ್ಕೆ ಸುಮ್ಮನಾಗಬೇಕಿಲ್ಲ

ಮಾನ್ಯ ಸಂಪಾದಕರೇ,

ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅವಕಾಶ ಕೊಡುವ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಈಗ ಒಂದು ಸಾಲಿಗೆ ಇಳಿದಿದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ಮಾಹಿತಿಯನ್ನಷ್ಟೇ ಮೊದಲು ನಿರಾಕರಿಸಬಹುದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಆ ಷರತ್ತುಗಳನ್ನು ಅಳಿಸಿತು. 2025ರ ನವೆಂಬರ್‌ನಿಂದ ಇದು ಜಾರಿಯಲ್ಲಿದೆ. ಇದು ದೊಡ್ಡ ನಷ್ಟವೇ. ಹಳೆಯ ಪದಗಳು ಮರಳಿ ಬರಲೇಬೇಕು. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರುವಂತಿಲ್ಲ.

8(2)ನೇ ಕಲಂ ಹಾಗೆಯೇ ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಅರ್ಜಿಗೆ ಕಾರಣ ಹೇಳಬೇಕೆಂಬ ನಿಯಮವಿಲ್ಲ, ನಿಜ. ಆದರೂ ಈಗ ಆ ಹಿತವನ್ನು ಎರಡು ಸಾಲಿನಲ್ಲಿ ಬರೆದುಬಿಡುವುದು ಲೇಸು. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ ಇರುವುದರಿಂದ ಅಳೆದು ಬರೆಯಬೇಕು.

ವಸತಿ ಯೋಜನೆಯನ್ನೇ ನೋಡಿ. ‘ಕಡತದ ಸಂಪೂರ್ಣ ಪ್ರತಿ ಕೊಡಿ’ ಎಂದರೆ ಅದರಲ್ಲಿ ಆಧಾರ್, ಪಾಸ್‌ಬುಕ್ ಎಲ್ಲ ಇರುತ್ತವೆ, ನಿರಾಕರಣೆಗೆ ದಾರಿ ಸಲೀಸು. ಬದಲಿಗೆ ಫಲಾನುಭವಿಯ ಹೆಸರು, ಮಂಜೂರಾದ ಮೊತ್ತ, ಬಿಡುಗಡೆಯಾದ ಕಂತು, ದಿನಾಂಕ ಇಷ್ಟನ್ನೇ ಕೇಳಿ. ‘ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಮರೆಮಾಡಿ 10ನೇ ಕಲಮಿನಂತೆ ಕೊಡಿ’ ಎಂದೂ ಸೇರಿಸಿ. ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 4(1)(ಬಿ) ಹೇಳುತ್ತದೆ. ಕಾನೂನಿನಂತೆ ಪ್ರಕಟಿಸಲೇಬೇಕಾದ ವಿವರಕ್ಕೆ ದತ್ತಾಂಶ ಕಾಯ್ದೆ ಅನ್ವಯಿಸುವುದಿಲ್ಲವೆಂದು ಅದರ 3ನೇ ಕಲಮೇ ಹೇಳುತ್ತದೆ. ಹಿಂಬರಹ ಕೊಡುವವರು ಈ ಎರಡನ್ನೂ ಒಟ್ಟಿಗೆ ಓದಬೇಕು.

ಕಚೇರಿಗಳಿಗೂ ಒಂದು ಮಾತು. ಮೂಲ ಕಾಗದಕ್ಕೆ ಮಾರ್ಕರ್ ಬಳಿಯಬೇಡಿ. ಜೆರಾಕ್ಸ್ ಪ್ರತಿಯಲ್ಲಿ ಮಸಿ ಬಳಿದರೂ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಬಳಿದ ಪ್ರತಿಯನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ, ಆ ಎರಡನೆಯದನ್ನು ಕೊಡಿ. ಬಡವರ ಖಾತೆ ಸಂಖ್ಯೆ ಬಯಲಾದರೆ ಆಗುವ ಹಾನಿಯೂ ಸಣ್ಣದಲ್ಲ.

ಇಷ್ಟಾದರೂ ನಿರಾಕರಿಸಿದರೆ ಹಿಂಬರಹದಲ್ಲಿ ಕಾರಣ, ಮೇಲ್ಮನವಿ ಪ್ರಾಧಿಕಾರ ಮತ್ತು ಅವಧಿ ಇವೆಯೇ ನೋಡಿ. 7(8)ರ ಪ್ರಕಾರ ಇವು ಕಡ್ಡಾಯ. 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿ. ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ ಮಾಹಿತಿ ಅಧಿಕಾರಿಯದೆಂದು 19(5) ಹೇಳುತ್ತದೆ. ಮನವಿಯಲ್ಲಿ ಆ ಕಲಮಿನ ಸಂಖ್ಯೆಯನ್ನು ನಮೂದಿಸಲು ಮರೆಯಬೇಡಿ.